ಶಿರೂರು ದಾಟಿದರೆ ಬೇರೆ ಬಸ್ಸು

ಬ್ರಹ್ಮಾವರದ ಬಸ್ಸು ನಿಲ್ದಾಣದಲ್ಲಿ ‘ರೈಟ್ ಪೋಯಿ’ ಎಂದು ತುಳುವಿನಲ್ಲಿ ಹೊರಡುವ ಕಂಡಕ್ಟರು ಮಾಬುಕಳದಲ್ಲಿ ಸೀತಾ ನದಿಯ ಸೇತುವೆ ದಾಟುತ್ತಲೇ ‘ಹ್ವಾಯ್, ಸ್ವಲ್ಪ ಮುಂದೆ ಬನ್ನಿ’ ಎಂದು ಕುಂದಗನ್ನಡಕ್ಕೆ ಹೊರಳುತ್ತಾನೆ. ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕೋಟೇಶ್ವರ ಕಳೆದು ಬಸ್ಸು ಕುಂದಾಪುರದ ಶಾಸ್ತ್ರಿ ಸರ್ಕಲ್ ಮುಟ್ಟುತ್ತದೆ. ಅಲ್ಲಿಂದ ಬಡಗಿಗೆ ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಉಪ್ಪುಂದ, ಬೈಂದೂರು. ದಾರಿಯುದ್ದಕ್ಕೂ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಎದುರಿನ ಗಾಜಿನ ಮೇಲೆ ದೇವರ ಹೆಸರು, ಹಿಂದುಗಡೆ ಮಾಲೀಕನ ಮಕ್ಕಳ ಹೆಸರು, ಬಾಗಿಲಲ್ಲಿ ಸೀಟಿ ಊದುವ ಹುಡುಗ. ಸರ್ಕಾರಿ ಬಸ್ಸು ಇಲ್ಲವೆಂದಲ್ಲ. ಕುಂದಾಪುರದಲ್ಲಿ ಕೆಎಸ್‌ಆರ್‌ಟಿಸಿಯ ಡಿಪೊ ಇದೆ. ಆದರೂ ಒಳ ಊರುಗಳಿಗೆ ಹೋಗಿಬರುವವರ ಬಾಯಲ್ಲಿ ‘ಬಸ್ಸು’ ಎಂದರೆ ಖಾಸಗಿ ಬಸ್ಸೇ. ಇನ್ನೊಂದಕ್ಕೆ ‘ಸರ್ಕಾರಿ’ ಎಂದು ಬೇರೆ ಹೇಳಬೇಕು.

ಶಿರೂರು ದಾಟಿ ಭಟ್ಕಳಕ್ಕೆ ಕಾಲಿಟ್ಟರೆ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿಂದ ಹೊನ್ನಾವರ, ಕುಮಟಾ, ಕಾರವಾರದವರೆಗೆ ವಾಯವ್ಯ ಸಾರಿಗೆಯ ಬಸ್ಸೇ ಬಸ್ಸು. ಸಂದಿಗೊಂದಿಗಳಲ್ಲಿ ಟೆಂಪೊ. ಕಡಲು ಅದೇ, ಹೆದ್ದಾರಿ ಅದೇ, ಮಳೆ ಅದೇ, ಮೀನು ಬುಟ್ಟಿ ಹಿಡಿದು ಹತ್ತುವ ಹೆಂಗಸರೂ ಅವರೇ. ಬಸ್ಸು ಮಾತ್ರ ಬೇರೆಯವರದ್ದು. ಯಾಕೆ ಹೀಗೆ ಎಂದು ಕೇಳಿಕೊಂಡು ಹೋದರೆ ದಾರಿ ಆರ್‌ಟಿಒ ಕಚೇರಿಯಿಂದ ಸುಪ್ರೀಂ ಕೋರ್ಟಿನವರೆಗೆ, ಅಲ್ಲಿಂದ ಹಿಂದಕ್ಕೆ 1862ರವರೆಗೆ ಎಳೆದುಕೊಂಡು ಹೋಗುತ್ತದೆ.

1860ರಲ್ಲಿ ಕಂಪನಿ ಕಾಲದ ಕೆನರಾ ಜಿಲ್ಲೆ ಎರಡಾಯಿತು. ಆಗ ಕುಂದಾಪುರ ತಾಲೂಕು ಸೇರಿದ್ದು ಉತ್ತರದ ಪಾಲಿಗೆ. ಎರಡು ವರ್ಷ ಕಳೆದು ಉತ್ತರ ಕೆನರಾವನ್ನು ಬೊಂಬಾಯಿ ಪ್ರಾಂತ್ಯಕ್ಕೆ ಒಪ್ಪಿಸುವಾಗ ಕುಂದಾಪುರವೊಂದನ್ನು ಮಾತ್ರ ಕಡಿದು ಮದ್ರಾಸಿನ ಕೈಯಲ್ಲೇ ಉಳಿಸಿ ದಕ್ಷಿಣ ಕೆನರಾಕ್ಕೆ ಸೇರಿಸಿದರು. ಈಗಿನ ಬೈಂದೂರು ತಾಲೂಕೂ ಆಗ ಅದರೊಳಗೇ ಇತ್ತು. ಬೈಂದೂರು, ಬ್ರಹ್ಮಾವರ ಸ್ವತಂತ್ರ ತಾಲೂಕುಗಳಾದದ್ದು 2018ರಲ್ಲಿ. ಭಟ್ಕಳಕ್ಕೆ ಬೊಂಬಾಯಿ, ಶಿರೂರಿಗೆ ಮದ್ರಾಸು. ಎಳೆದವರಿಗೆ ಅದು ಕಂದಾಯದ ಗೆರೆ. ಬಸ್ಸೆಂಬ ವಸ್ತು ಆಗಿನ್ನೂ ಹುಟ್ಟಿರಲಿಲ್ಲ.

ಬಸ್ಸು ಹುಟ್ಟಿದ ಮೇಲೆ ಕರಾವಳಿಯಲ್ಲಿ ಅದನ್ನು ತಂದವರು ಖಾಸಗಿಯವರೇ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಸಿಪಿಸಿ. ಆಮೇಲೆ ಹನುಮಾನ್, ಶಂಕರ ವಿಠಲ. ಹಳಬರು ಈ ಹೆಸರುಗಳನ್ನು ಈಗಲೂ ಸಂಬಂಧಿಕರ ಹೆಸರಿನಂತೆ ಹೇಳುತ್ತಾರೆ. ಸೇತುವೆಗಳಾಗುವ ಮುಂಚೆ ಈ ದಾರಿಯಲ್ಲಿ ಬಸ್ಸಿನ ಪ್ರಯಾಣವೆಂದರೆ ಅರ್ಧ ಬಸ್ಸು, ಅರ್ಧ ದೋಣಿ. ಸ್ವರ್ಣಾ, ಸೀತಾ, ಕುಂದಾಪುರ ದಾಟಿದ ಮೇಲೆ ಪಂಚಗಂಗಾವಳಿಯ ಅಗಲವಾದ ಹಿನ್ನೀರು. ಹೊಳೆ ಬಂದಲ್ಲಿ ಬಸ್ಸು ನಿಲ್ಲುತ್ತಿತ್ತು; ಜನ ಗಂಟುಮೂಟೆ ಇಳಿಸಿಕೊಂಡು ದೋಣಿ ಹತ್ತಿ ಆಚೆ ದಡದಲ್ಲಿ ಕಾದಿದ್ದ ಇನ್ನೊಂದು ಬಸ್ಸಿಗೆ ಹತ್ತಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಿದ್ದಾಗ ಬಸ್ಸಿನ ಹಿಂಭಾಗಕ್ಕೆ ಇದ್ದಿಲಿನ ಒಲೆಯಂಥದ್ದೊಂದು ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸಿದರು. ಹೊರಡುವ ಎಷ್ಟೋ ಹೊತ್ತು ಮೊದಲೇ ಕ್ಲೀನರ್ ಹುಡುಗ ಗಾಳಿ ತಿದಿಯ ಹಿಡಿ ತಿರುಗಿಸುತ್ತ ಬೆವರುತ್ತ ನಿಲ್ಲಬೇಕು. ಏರು ಬಂದಲ್ಲಿ ಬಸ್ಸು ಉಸಿರು ಬಿಟ್ಟರೆ ಪ್ರಯಾಣಿಕರು ಇಳಿದು ತಳ್ಳಬೇಕು.

ಇಲ್ಲಿ ಒಂದು ತಮಾಷೆ. ಬಸ್ಸು ಖಾಸಗಿಯವರದ್ದಾದರೂ ಹೊಳೆ ದಾಟುವ ಕಡವಿನ ಮೇಲೆ ಸರ್ಕಾರದ ಕೈ ಇತ್ತು. 1890ರ ಮದ್ರಾಸಿನ ಕಾಲುವೆ ಮತ್ತು ಸಾರ್ವಜನಿಕ ಕಡವುಗಳ ಕಾಯಿದೆಯ ಪ್ರಕಾರ ಸರ್ಕಾರ ಒಂದು ಕಡವನ್ನು ‘ಸಾರ್ವಜನಿಕ’ ಎಂದು ಘೋಷಿಸಿದರೆ ಅಲ್ಲಿ ಬೇರೆಯವರು ಸುಂಕಕ್ಕೆ ದೋಣಿ ಹಾಕುವಂತಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಬಸ್ಸಿನ ಸುತ್ತ ನಡೆದ ಜಗಳವೆಲ್ಲ ಈ ಹಳೇ ದೋಣಿ ಕಾಯಿದೆಯ ಹೊಸ ಅವತಾರವೇ: ದಾರಿ ಯಾರದ್ದು, ಅದರಲ್ಲಿ ಜನರನ್ನು ಸಾಗಿಸಿ ದುಡ್ಡು ತೆಗೆದುಕೊಳ್ಳುವ ಹಕ್ಕು ಯಾರದ್ದು, ಆ ಹಕ್ಕನ್ನು ಕಸಿದರೆ ಕೊಡಬೇಕಾದ್ದೆಷ್ಟು?

ಮೊದಲು ಕಸಿಯುವುದಕ್ಕೆ ಹೊರಟವರ ಸರದಿ ನೋಡೋಣ. 1932ರಲ್ಲೇ ಹೈದರಾಬಾದಿನ ನಿಜಾಮ ತನ್ನ ರೈಲ್ವೆಯ ಅಡಿಯಲ್ಲಿ 27 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಆರಂಭಿಸಿದ್ದ. ಕಲಬುರಗಿ, ರಾಯಚೂರು, ಬೀದರ ಆಗ ಆ ರಾಜ್ಯದಲ್ಲಿದ್ದವು. ಬೊಂಬಾಯಿ ಸರ್ಕಾರದ ಮೊದಲ ಬಸ್ಸು 1948ರ ಜೂನ್ 1ರಂದು ಪುಣೆಯಿಂದ ಅಹಮದ್‌ನಗರಕ್ಕೆ ಓಡಿತು. ಆಮೇಲೆ ಜಿಲ್ಲೆ ಜಿಲ್ಲೆಗೂ ಹರಡಿ ಖಾಸಗಿಯವರನ್ನು ಬದಿಗೆ ಸರಿಸಿತು. ಕಾರವಾರ, ಧಾರವಾಡಗಳ ಕಡೆ ಸರ್ಕಾರಿ ಬಸ್ಸು ಬೇರುಬಿಟ್ಟದ್ದು ಹೀಗೆ. ಅದೇ ವರ್ಷ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನ ಸಾರಿಗೆ ಇಲಾಖೆ ತೆರೆಯಿತು. ಬೆಂಗಳೂರಿನಲ್ಲಿ 1940ರಿಂದ ಓಡುತ್ತಿದ್ದ ಖಾಸಗಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯನ್ನು 1956ರಲ್ಲಿ ಸರ್ಕಾರ ವಹಿಸಿಕೊಂಡಿತು. ಜನ ಅದನ್ನು ಬಹಳ ಕಾಲ ‘ಬಿಟಿಎಸ್’ ಎಂದೇ ಕರೆದರು.

ಮದ್ರಾಸು? ಅದು ಆ ವರ್ಷಗಳಲ್ಲಿ ಕೈಹಾಕಿದ್ದು ಮದ್ರಾಸ್ ನಗರದ ಬಸ್ಸುಗಳಿಗೆ ಮಾತ್ರ. ಜಿಲ್ಲೆಗಳನ್ನು ಖಾಸಗಿಯವರಿಗೇ ಬಿಟ್ಟಿತು. ಆ ಜಿಲ್ಲೆಗಳಲ್ಲಿ ಒಂದು ದಕ್ಷಿಣ ಕೆನರಾ, ಅದರ ಬಡಗಣ ತುದಿಯ ತಾಲೂಕು ಕುಂದಾಪುರ. 1956ರ ನವೆಂಬರ್ 1ರಂದು ಏಕೀಕರಣವಾಗಿ ಎಲ್ಲರೂ ಒಂದೇ ರಾಜ್ಯಕ್ಕೆ ಸೇರಿದರು. ಭಟ್ಕಳದವರು ಸರ್ಕಾರಿ ಬಸ್ಸಿನ ಸಮೇತ ಬಂದರು, ಶಿರೂರಿನವರು ಖಾಸಗಿ ಬಸ್ಸಿನ ಸಮೇತ. ಒಂದು ರಾಜ್ಯವಾಗಿ ಇಷ್ಟು ವರ್ಷವಾದರೂ ಆ ಗಂಟು ಬಿಚ್ಚಿಲ್ಲ.

ಇಲ್ಲಿನ ಜನಕ್ಕೆ ಸಾರ್ವಜನಿಕ ಬಸ್ಸಿನ ಪರಿಚಯ ಇರಲಿಲ್ಲ ಎಂದು ಮಾತ್ರ ತಿಳಿಯಬಾರದು. ಕುಂದಾಪುರ, ಬೈಂದೂರು ಕಡೆಯಿಂದ ಹೋಟೆಲ್ ಕೆಲಸಕ್ಕೆ ಮುಂಬೈಗೆ ಹೋದ ಹುಡುಗರು ಅಲ್ಲಿ ‘ಬೆಸ್ಟ್’ನ ಬಸ್ಸು, ಟ್ರಾಮುಗಳಲ್ಲೇ ಓಡಾಡಿದವರು. ಆ ಕಂಪನಿ ನಗರಕ್ಕೆ ಕರೆಂಟನ್ನೂ ಕೊಡುತ್ತಿತ್ತು. 1947ರ ಆಗಸ್ಟ್ 7ರಂದು, ಸ್ವಾತಂತ್ರ್ಯಕ್ಕೆ ಎಂಟು ದಿನ ಮೊದಲು, ಬೊಂಬಾಯಿ ಮುನಿಸಿಪಾಲಿಟಿ ಅದನ್ನು ಇಡಿಯಾಗಿ ಕೊಂಡುಕೊಂಡಿತು. ಹಳೇ ಒಪ್ಪಂದದಲ್ಲೇ ಮುನಿಸಿಪಾಲಿಟಿಗೆ ಕೊಳ್ಳುವ ಹಕ್ಕು ಬರೆದಿಟ್ಟಿತ್ತು. ಕರೆಂಟಿನ ಕಂಪನಿಗಳ ವಿಷಯದಲ್ಲಿ ಇದೇ ರೂಢಿ. 1910ರ ಭಾರತೀಯ ವಿದ್ಯುತ್ ಕಾಯಿದೆಯ 7ನೇ ಕಲಮು, ಲೈಸೆನ್ಸಿನ ಅವಧಿ ಮುಗಿದಾಗ ಊರಿನ ಸ್ಥಳೀಯ ಸಂಸ್ಥೆಗೆ ಕಂಪನಿಯ ಕಂಬ, ತಂತಿ, ಕಟ್ಟಡ, ಯಂತ್ರಗಳನ್ನು ಮಾರುಕಟ್ಟೆ ಬೆಲೆಗೆ ಕೊಳ್ಳುವ ಅಧಿಕಾರ ಕೊಟ್ಟಿತ್ತು. ಕಂಪನಿಯ ಹೆಸರಿಗಾಗಲಿ, ಮುಂದೆ ಬರಬಹುದಾದ ಲಾಭಕ್ಕಾಗಲಿ ಬಿಡಿಗಾಸಿಲ್ಲ. ಆದರೆ ಒಲ್ಲದ ಮನಸ್ಸಿನಿಂದ ಮಾರಬೇಕಾಗಿ ಬಂದದ್ದಕ್ಕೆ ಲೈಸೆನ್ಸಿನಲ್ಲಿ ಬರೆದಂತೆ ಶೇಕಡಾ 20ರವರೆಗೆ ಹೆಚ್ಚುವರಿ ಕೊಡಬಹುದಿತ್ತು.

ಬಸ್ಸಿನವರಿಗೆ ಇಂಥ ಮರ್ಯಾದೆ ಸಿಗಲಿಲ್ಲ. ಅದರ ಕಥೆ ಸಂವಿಧಾನದ ತಿದ್ದುಪಡಿಗಳ ಕಥೆಯೂ ಹೌದು.

ಉತ್ತರ ಪ್ರದೇಶದ ಸರ್ಕಾರ ತನ್ನ ಬಸ್ಸು ಓಡಿಸಲು ಖಾಸಗಿಯವರ ಪರ್ಮಿಟ್ಟು ನಿಲ್ಲಿಸಿತ್ತು. ಅಲಹಾಬಾದ್ ಹೈಕೋರ್ಟ್ ಅದಕ್ಕೆ ತಡೆಯೊಡ್ಡಿದ ಮೇಲೆ 1951ರ ಮೊದಲ ತಿದ್ದುಪಡಿಯಲ್ಲೇ, ಸರ್ಕಾರ ಬೇಕಾದ ಉದ್ಯಮವನ್ನು ಪೂರ್ತಿ ತಾನೇ ನಡೆಸಬಹುದು ಎಂಬ ಮಾತು ಸೇರಿತು. ಸಗೀರ್ ಅಹಮದ್ ಪ್ರಕರಣದಲ್ಲಿ 1954ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆಡಿದ ಮಾತಿನ ಸಾರ ಇಷ್ಟು: ದಾರಿಯ ಮೇಲೆ ಬಸ್ಸು ಓಡಿಸುವ ವ್ಯಾಪಾರವೂ ಸೊತ್ತೇ, ಕಸಿದರೆ ಪರಿಹಾರ ಕೊಡಿ. ಮರುವರ್ಷ ನಾಲ್ಕನೇ ತಿದ್ದುಪಡಿ ಬಂತು. ಸೊತ್ತಿನ ಒಡೆತನ ಸರ್ಕಾರಕ್ಕೆ ವರ್ಗವಾಗದಿದ್ದರೆ ಅದು ಸ್ವಾಧೀನವೇ ಅಲ್ಲ ಎಂದು ಅದು ಬರೆಯಿತು. ಅಂದರೆ ಮಾಲೀಕನ ಬಸ್ಸು ಮಾಲೀಕನ ಅಂಗಳದಲ್ಲೇ ಇರಲಿ. ಅದು ಓಡುವ ದಾರಿಯನ್ನು ಮಾತ್ರ ಮುಚ್ಚಿದರೆ ಸಾಕು. ದನ ನಿಮ್ಮದೇ, ಹುಲ್ಲುಗಾವಲು ಮಾತ್ರ ನಮ್ಮದು ಎಂದ ಹಾಗೆ.

1956ರಲ್ಲಿ ಮೋಟಾರು ವಾಹನ ಕಾಯಿದೆಗೆ ನಾಲ್ಕು-ಎ ಎಂಬ ಅಧ್ಯಾಯ ಹೊಸದಾಗಿ ಸೇರಿತು. ಸಾರಿಗೆ ನಿಗಮ ಒಂದು ಪ್ರದೇಶಕ್ಕೋ ಮಾರ್ಗಕ್ಕೋ ‘ಸ್ಕೀಮ್’ ಪ್ರಕಟಿಸಬಹುದು, ಆಕ್ಷೇಪಗಳನ್ನು ಸರ್ಕಾರ ಕೇಳಬೇಕು, ಒಪ್ಪಿಗೆಯಾದರೆ ಖಾಸಗಿ ಪರ್ಮಿಟ್ಟುಗಳು ರದ್ದು. ಪರಿಹಾರವೆಷ್ಟು? ಪರ್ಮಿಟ್ಟಿನಲ್ಲಿ ಉಳಿದಿರುವ ಪ್ರತಿ ಪೂರ್ತಿ ತಿಂಗಳಿಗೆ, ಅಥವಾ ಹದಿನೈದು ದಿನ ಮೀರಿದ ತುಂಡು ತಿಂಗಳಿಗೆ, 200 ರೂಪಾಯಿ. ಹದಿನೈದು ದಿನ ಅಥವಾ ಅದಕ್ಕಿಂತ ಕಡಿಮೆಯಾದರೆ 100. ಏನೇ ಆದರೂ 400ಕ್ಕೆ ಕಡಿಮೆಯಿಲ್ಲ. ಬದಲಿಗೆ ಬೇರೆ ಮಾರ್ಗ ಕೊಟ್ಟು ಮಾಲೀಕ ಒಪ್ಪಿಕೊಂಡರೆ ಅದೂ ಇಲ್ಲ.

ಲೆಕ್ಕ ಹಾಕಿ ನೋಡಿ. ಐದು ವರ್ಷದ ಪರ್ಮಿಟ್ಟು ಇವತ್ತು ಕೈಗೆ ಬಂದು ನಾಳೆ ರದ್ದಾಯಿತೆಂದರೆ 60 ತಿಂಗಳಿಗೆ 12,000 ರೂಪಾಯಿ. 1956ರಲ್ಲಿ ಅದು ಕೈತುಂಬ ದುಡ್ಡೇ. ಆದರೆ 1988ರಲ್ಲಿ ಹೊಸ ಮೋಟಾರು ವಾಹನ ಕಾಯಿದೆ ಬರೆಯುವಾಗಲೂ 105ನೇ ಕಲಮಿನಲ್ಲಿ ಅದೇ 200, ಅದೇ 100, ಅದೇ 400. ಮೂವತ್ತೆರಡು ವರ್ಷಗಳಲ್ಲಿ ಡೀಸೆಲ್, ಟಯರು, ಟಿಕೆಟ್ಟು ಎಲ್ಲದರ ದರ ಏರಿತು. ದಾರಿಯ ಬೆಲೆ ಒಂದೇ ಇಂಚೂ ಅಲ್ಲಾಡಲಿಲ್ಲ.

ಬಸ್ಸು ವ್ಯಾಪಾರ ಬಲ್ಲವರಿಗೆ ಇದರ ಪೆಟ್ಟು ಗೊತ್ತು. ಕುಂದಾಪುರದಲ್ಲಿ ಬಸ್ಸಿನ ನಿಜವಾದ ಆಸ್ತಿ ಚಾಸಿ, ಇಂಜಿನ್ನು ಅಲ್ಲ, ‘ಟೈಮು’. ಶಾಲೆ ಬಿಡುವ ಹೊತ್ತಿಗೆ, ಮೀನು ಪೇಟೆ ತೆರೆಯುವ ಹೊತ್ತಿಗೆ ಸರಿಯಾಗಿ ಹೊರಡುವ ಒಂದು ಟೈಮು ಸಿಕ್ಕಿದರೆ ಮನೆ ಕಟ್ಟಬಹುದು. ಎರಡು ಬಸ್ಸುಗಳ ನಡುವೆ ಸಿಕ್ಕಿಕೊಂಡ ಟೈಮು ಸಿಕ್ಕಿದರೆ ಬ್ಯಾಂಕಿನ ಕಂತೂ ಹುಟ್ಟುವುದಿಲ್ಲ. ನಿಲ್ದಾಣದ ಮೂಲೆಯಲ್ಲಿ ಪುಸ್ತಕ ಹಿಡಿದು ನಿಂತ ಟೈಮ್ ಕೀಪರ್ ಬರೆದುಕೊಳ್ಳುವುದು ನಿಮಿಷಗಳನ್ನು. ಎದುರಿನ ಬಸ್ಸು ಎರಡು ನಿಮಿಷ ತಡಮಾಡಿ ಹೊರಟಿತೆಂದರೆ ಹಿಂದಿನವನ ಕಲೆಕ್ಷನ್ನಿಗೆ ಕೊಡಲಿ. ಅದಕ್ಕೇ ಕಂಡಕ್ಟರುಗಳ ನಡುವೆ ಬಾಯಿ ಜಗಳ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರದ ಮುಂದೆ ವಕೀಲರ ವಾದ. ಈ ನಿಮಿಷಗಳಿಗೆ ಕಾನೂನು ಕಟ್ಟಿದ ಬೆಲೆ ತಿಂಗಳಿಗೆ 200.

ಮೈಸೂರು ರಾಜ್ಯದಲ್ಲಿ ಸ್ಕೀಮುಗಳ ಕಾದಾಟ ಬೇಗನೆ ಶುರುವಾಯಿತು. ಆಂಧ್ರದ ಒಂದು ಸ್ಕೀಮನ್ನು ಸುಪ್ರೀಂ ಕೋರ್ಟ್ 1958ರಲ್ಲಿ ಹೊಡೆದುಹಾಕಿತ್ತು; ಆಕ್ಷೇಪ ಕೇಳಿದವರು ಅಧಿಕಾರಿ, ತೀರ್ಮಾನಿಸಿದವರು ಮುಖ್ಯಮಂತ್ರಿ, ಇದೆಂಥ ವಿಚಾರಣೆ ಎಂದು ಅದು ಕೇಳಿತ್ತು. ಬೆಂಗಳೂರಿನ ಪಕ್ಕದ ಆನೇಕಲ್ ಸ್ಕೀಮಿನಲ್ಲಿ ಮಾಲೀಕರ ಮಾತನ್ನು ಮುಖ್ಯಮಂತ್ರಿಯೇ ಕೂತು ಕೇಳಿದರು. ಸರ್ಕಾರದ ಮುಖ್ಯಸ್ಥನೇ ಸರ್ಕಾರದ ಸ್ಕೀಮಿಗೆ ನ್ಯಾಯಾಧೀಶನಾದರೆ ಪಕ್ಷಪಾತವಲ್ಲವೇ ಎಂದು ಮಾಲೀಕರು ದೆಹಲಿಯವರೆಗೆ ಹೋದರು. 1960ರಲ್ಲಿ ಎಚ್.ಸಿ. ನಾರಾಯಣಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ ಸ್ಕೀಮನ್ನು ಎತ್ತಿಹಿಡಿಯಿತು. ಮರುವರ್ಷ ಆಗಸ್ಟ್ 1ರಂದು ಇಲಾಖೆ ಹೋಗಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಬಂತು. 1973ರಲ್ಲಿ ರಾಜ್ಯದ ಹೆಸರಿನ ಜೊತೆ ಅದರ ಹೆಸರೂ ಕರ್ನಾಟಕವಾಯಿತು.

ಕಾನೂನು ಕೈಯಲ್ಲಿತ್ತು, ನಿಗಮವೂ ಇತ್ತು. ಆದರೂ ಕುಂದಾಪುರದ ಒಳದಾರಿಗಳು ಖಾಸಗಿಯವರ ಕೈಯಲ್ಲೇ ಉಳಿದವು. ನಿಗಮ ಬಂದದ್ದು ದೂರದ ಊರುಗಳ ಮಾರ್ಗ ಹಿಡಿದು. ಒಂದಲ್ಲ ಎರಡಲ್ಲ ಹೊಳೆಗಳಿರುವ, ಮನೆಯಿಂದ ಮನೆಗೆ ಫರ್ಲಾಂಗು ದೂರವಿರುವ ಈ ಸೀಮೆಯಲ್ಲಿ ಸಣ್ಣ ಸಣ್ಣ ಮಾಲೀಕರು ಆಗಲೇ ಗದ್ದೆ ಬದುವಿನವರೆಗೂ ಬಸ್ಸು ತಂದು ನಿಲ್ಲಿಸಿದ್ದರು. ಕರೆದಲ್ಲಿ ನಿಲ್ಲಿಸುವ, ಅಕ್ಕಿ ಮೂಟೆ ಮೇಲೇರಿಸುವ, ಟಿಕೆಟ್ಟಿನ ಚಿಲ್ಲರೆ ನಾಳೆ ಕೊಡಿ ಎನ್ನುವ ಬಸ್ಸು ಬೇಡವೆಂದು ಇಲ್ಲಿನ ಜನ ಬೀದಿಗಿಳಿದು ಕೇಳುವ ಹಾಗೂ ಇರಲಿಲ್ಲ. ನಿಗಮದ ದುಡ್ಡಿಗೆ ಬೇರೆ ಕಡೆ ಹೆಚ್ಚು ಕೆಲಸವಿತ್ತು ಎಂದೇ ತೋರುತ್ತದೆ.

ದಾರಿ ಮುಚ್ಚುವ ಬದಲು ಬಸ್ಸನ್ನೇ ಎತ್ತಿಕೊಂಡು ಹೋದ ಪ್ರಸಂಗ ಬಂದದ್ದು ತುರ್ತು ಪರಿಸ್ಥಿತಿಯಲ್ಲಿ. ಮುಖ್ಯಮಂತ್ರಿ ದೇವರಾಜ ಅರಸು. 1976ರ ಜನವರಿ 30ರಂದು ಹೊರಟ ಸುಗ್ರೀವಾಜ್ಞೆ, ಆಮೇಲೆ ಕರ್ನಾಟಕ ಕಾಂಟ್ರ್ಯಾಕ್ಟ್ ಕ್ಯಾರಿಯೇಜಸ್ (ಸ್ವಾಧೀನ) ಕಾಯಿದೆಯಾಯಿತು. ಕಾಂಟ್ರ್ಯಾಕ್ಟ್ ಕ್ಯಾರಿಯೇಜ್ ಎಂದರೆ ಒಂದು ಗುಂಪು ಪೂರ್ತಿ ಬಾಡಿಗೆಗೆ ಹಿಡಿಯುವ ಬಸ್ಸು. ಮದುವೆ ದಿಬ್ಬಣಕ್ಕೆ, ಯಾತ್ರೆಗೆ. ಕೆಲವರು ಇದೇ ಪರ್ಮಿಟ್ಟಿನಲ್ಲಿ ದಾರಿಯುದ್ದಕ್ಕೂ ಬಿಡಿ ಬಿಡಿಯಾಗಿ ಜನ ಹತ್ತಿಸಿ ಸಾಮಾನ್ಯ ಬಸ್ಸಿನಂತೆ ಓಡಿಸುತ್ತಿದ್ದಾರೆ, ಇದು ಜನಹಿತಕ್ಕೆ ಮಾರಕ ಎಂಬುದು ಸರ್ಕಾರದ ದೂರು. ವಾಹನ, ಪರ್ಮಿಟ್ಟು, ವರ್ಕ್‌ಶಾಪು ಎಲ್ಲ ಸರ್ಕಾರದ ವಶಕ್ಕೆ ಬಂದು ಅಲ್ಲಿಂದ ಕೆಎಸ್‌ಆರ್‌ಟಿಸಿಗೆ ಹೋದವು. ಮುಂದೆ ಇಂಥ ಪರ್ಮಿಟ್ಟು ನಿಗಮಕ್ಕೆ ಮಾತ್ರ.

ಮಾಲೀಕರು ಹೈಕೋರ್ಟಿಗೆ ಹೋದರು, ಗೆದ್ದರು. ಪೇಟೆಯಲ್ಲಿ ದುಡ್ಡು ಕೊಟ್ಟರೆ ಸಿಗುವ ಬಸ್ಸನ್ನು ಕಸಿಯುವುದರಲ್ಲಿ ಸಾರ್ವಜನಿಕ ಉದ್ದೇಶ ಎಲ್ಲಿಂದ ಬಂತು ಎಂಬ ವಾದ ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಆದರೆ 1977ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟಿನ ಏಳು ಜನರ ಪೀಠ ಕಾಯಿದೆಯನ್ನು ಉಳಿಸಿತು. ಅದೇ ‘ಕರ್ನಾಟಕ ರಾಜ್ಯ ವಿರುದ್ಧ ರಂಗನಾಥ ರೆಡ್ಡಿ’. ನಾಲ್ವರ ಪರವಾಗಿ ಉಂಟ್ವಾಲಿಯಾ ಬರೆದರು. ಮೂವರ ಪರವಾಗಿ ಬರೆದ ಕೃಷ್ಣ ಅಯ್ಯರ್, ಖಾಸಗಿಯವರ ಸೊತ್ತೂ ‘ಸಮುದಾಯದ ಭೌತಿಕ ಸಂಪನ್ಮೂಲ’ವೇ ಎಂದು ಇನ್ನೂ ಮುಂದಕ್ಕೆ ಹೋದರು. ಅವರ ಎಲ್ಲ ಮಾತಿಗೂ ನಾವು ಒಪ್ಪಿದ್ದೇವೆಂದು ತಿಳಿಯಬೇಡಿ ಎಂದು ಉಳಿದ ನಾಲ್ವರು ಮೆಲ್ಲಗೆ ದೂರ ನಿಂತರು. ಆ ನಾಲ್ವರಲ್ಲಿ ಒಬ್ಬರು ವೈ.ವಿ. ಚಂದ್ರಚೂಡ್. ನಲವತ್ತೇಳು ವರ್ಷ ಕಳೆದು, 2024ರ ನವೆಂಬರ್ 5ರಂದು, ಅವರ ಮಗ ಡಿ.ವೈ. ಚಂದ್ರಚೂಡ್ ಮುಖ್ಯ ನ್ಯಾಯಮೂರ್ತಿಯಾಗಿದ್ದ ಒಂಬತ್ತು ಜನರ ಪೀಠದ ಬಹುಮತ, ಮುಂಬೈಯ ಮನೆಗಳ ಮೊಕದ್ದಮೆಯೊಂದರಲ್ಲಿ, ಎಲ್ಲ ಖಾಸಗಿ ಸೊತ್ತೂ ಸಮುದಾಯದ ಸಂಪನ್ಮೂಲವಾಗದು ಎಂದು ಅಯ್ಯರ್ ಮಾತನ್ನು ಬದಿಗಿಟ್ಟಿತು. ಕರ್ನಾಟಕದ ಬಸ್ಸಿನ ಜಗಳ ಮುಂಬೈಯ ಚಾಳುಗಳಲ್ಲಿ ಹೋಗಿ ಇಳಿಯಿತು.

ಕಾಯಿದೆಯ ಆಯುಸ್ಸು ಮಾತ್ರ ಬೇರೆ ಕಾರಣಕ್ಕೆ ಮುಗಿದಿತ್ತು. 1988ರ ಹೊಸ ಕೇಂದ್ರ ಕಾಯಿದೆ ಪರ್ಮಿಟ್ಟುಗಳನ್ನು ಸಡಿಲಿಸಿದಾಗ, ಇನ್ನು ನಮಗೂ ಕೊಡಿ ಎಂದು ಖಾಸಗಿಯವರು ಕೋರ್ಟಿಗೆ ಹೋದರು. 1990ರಲ್ಲಿ ವಿಜಯಕುಮಾರ್ ಶರ್ಮಾ ಪ್ರಕರಣದ ತೀರ್ಪು ಎರಡಕ್ಕೆ ಒಂದರಂತೆ ಅವರ ವಿರುದ್ಧ ಬಂತು. ರಾಜ್ಯದ್ದು ಸ್ವಾಧೀನದ ಕಾಯಿದೆ, ಕೇಂದ್ರದ್ದು ವಾಹನದ ಕಾಯಿದೆ, ಎರಡಕ್ಕೂ ಘರ್ಷಣೆಯಿಲ್ಲವೆಂದು ಬಹುಮತ ಹೇಳಿತು. ಕೊನೆಗೆ 2003ರಲ್ಲಿ ರಾಜ್ಯ ಸರ್ಕಾರ ತಾನೇ ಅದನ್ನು ರದ್ದು ಮಾಡಿತು. ರದ್ದು ಮಾಡಿದ್ದು ಸರಿಯೇ ಎಂಬ ಜಗಳ ಮತ್ತೆ ಇಪ್ಪತ್ತೆರಡು ವರ್ಷ ನಡೆದು, 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸರಿಯೆಂದಿತು.

ಹೊತ್ತು ಮುಳುಗಿದ ಮೇಲೆ ಬೈಂದೂರು, ಕುಂದಾಪುರದ ಹೆದ್ದಾರಿ ಬದಿಯಲ್ಲಿ ಬ್ಯಾಗು ಹಿಡಿದು ಬೆಂಗಳೂರಿನ ಸ್ಲೀಪರ್ ಬಸ್ಸಿಗೆ ಕಾಯುವವರನ್ನು ನೋಡಿದರೆ ಈ ಕಾಯಿದೆಯ ನೆನಪಾಗುತ್ತದೆ. ಆ ಖಾಸಗಿ ಬಸ್ಸುಗಳು ಓಡುವುದು ಬಹುಪಾಲು ಕಾಂಟ್ರ್ಯಾಕ್ಟ್ ಕ್ಯಾರಿಯೇಜ್ ಪರ್ಮಿಟ್ಟಿನಲ್ಲೇ. ಬಿಡಿ ಟಿಕೆಟ್ಟು ಮಾರಿ ಜನ ಹತ್ತಿಸಬಾರದು ಎಂಬ 1976ರ ದೂರು ಇವತ್ತಿಗೂ ಆರ್‌ಟಿಒ ತಪಾಸಣೆಯಲ್ಲಿ ಕೇಳಿಬರುತ್ತದೆ. ಈಗ ಟಿಕೆಟ್ಟು ಮಾರುವುದು ಮೊಬೈಲಿನಲ್ಲಿ ಎಂಬುದಷ್ಟೇ ವ್ಯತ್ಯಾಸ.

1862ರ ಗೆರೆಯೂ ಮೊನ್ನೆ ಮೊನ್ನೆ ಮತ್ತೆ ಎದ್ದು ಕಂಡಿತು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದು ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಉತ್ತರ ಕನ್ನಡದ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಉಡುಪಿ ಜಿಲ್ಲೆಯಲ್ಲಿ ಮಾತ್ರ ಎದ್ದ ಪ್ರಶ್ನೆ ಬೇರೆ: ಉಚಿತವೇನೋ ಹೌದು, ಬಸ್ಸೆಲ್ಲಿ? ಒಳದಾರಿಗೆ ಸರ್ಕಾರಿ ಬಸ್ಸು ಬಿಡಿ ಎಂದು ಊರೂರುಗಳಿಂದ ಬೇಡಿಕೆ ಬಂತು. ಮಾಲೀಕರು ನಮ್ಮ ಗತಿಯೇನು ಎಂದರು.

ಬೈಂದೂರಿನ ನಿಲ್ದಾಣದಲ್ಲಿ ಬೆಳಗ್ಗೆ ಹೊತ್ತು ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಭಟ್ಕಳದ ಕಡೆಗೆ ಹೊರಟವಳು ಆಧಾರ್ ಕಾರ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ತೆಂಕು ದಿಕ್ಕಿನ ಹಳ್ಳಿಗೆ ಹೊರಟವಳು ಅದೇ ಗಂಟಿನಿಂದ ಚಿಲ್ಲರೆ ಎಣಿಸುತ್ತಾಳೆ. ಎಣಿಸುವಾಗಲೇ ಖಾಸಗಿ ಬಸ್ಸೊಂದು ಬಂದು ನಿಲ್ಲುತ್ತದೆ. ಸರ್ಕಾರಿ ಬಸ್ಸು ಬರುವುದೆಷ್ಟು ಹೊತ್ತಿಗೆ ಎಂದು ಆಕೆ ಕೇಳುತ್ತಾಳೆ, ಅದೂ ಆ ಖಾಸಗಿ ಬಸ್ಸಿನ ಕಂಡಕ್ಟರನನ್ನೇ. ಅವನು ನಗುತ್ತ ಗಡಿಯಾರ ನೋಡಿಕೊಂಡು ಸೀಟಿ ಊದುತ್ತಾನೆ. ಹಿಂದಿನ ಬಸ್ಸಿಗೂ ಅವನಿಗೂ ನಡುವೆ ಮೂರೇ ನಿಮಿಷ.